‘ಡಿಮಿಡಿಯೇಟ್’ ಎಂಬ ಪದ: ಅರ್ಥ ಮತ್ತು ಪ್ರಯೋಗ

ಇಂಗ್ಲಿಷ್ ಭಾಷೆಯಲ್ಲಿ ‘ಡಿಮಿಡಿಯೇಟ್’ ಎಂಬುದೊಂದು ಪದವಿದೆ. ದಿನಬಳಕೆಯ ಮಾತಿನಲ್ಲಿ ಅದು ಕೇಳಿಬರುವುದಿಲ್ಲ, ವೃತ್ತಪತ್ರಿಕೆಗಳಲ್ಲಿ ಕಾಣಸಿಗುವುದಿಲ್ಲ, ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರಲ್ಲಿಯೂ ಬಹುಮಂದಿ ಅದನ್ನು ಒಮ್ಮೆಯೂ ಬಳಸದೆಯೇ ಬಾಳನ್ನು ಸಾಗಿಸುತ್ತಾರೆ. ನಿಘಂಟನ್ನು ತೆರೆದವರಿಗೆ ‘ಅರ್ಧ ಮಾಡು, ಎರಡು ಸಮಭಾಗಗಳಾಗಿ ವಿಭಾಗಿಸು’ ಎಂಬ ಅರ್ಥ ದೊರೆಯುತ್ತದೆ. ಇದೇ ಅರ್ಥವನ್ನು ಹೇಳಲು ‘ಬೈಸೆಕ್ಟ್’ ಎಂಬ ಪದವಿದೆ. ‘ಹಾಫ್’ ಎಂಬ ನಾಮಪದದಿಂದ ಹುಟ್ಟಿದ ‘ಹಾವ್’ ಎಂಬ ಸರಳವಾದ ಕ್ರಿಯಾಪದವೂ ಇದೆ. ಹಾಗಾದರೆ ಈ ಮೂರನೆಯದು ಏತಕ್ಕೆ? ಪಾಂಡಿತ್ಯಪ್ರದರ್ಶನಕ್ಕಾಗಿ ಲ್ಯಾಟಿನ್ ಭಾಷೆಯಿಂದ ಎತ್ತಿ ತಂದ ಅನಾವಶ್ಯಕವಾದ ಹೊರೆಯೇ ಇದು? ತರಗತಿಯಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿದಾಗ ‘ಹೌದು’ ಎಂದು ಉತ್ತರಿಸಿ ಮುಂದೆ ಸಾಗುವುದು ಸುಲಭ. ನಾವೂ ಬಹುಕಾಲ ಹಾಗೆಯೇ ಮಾಡುತ್ತಿದ್ದೆವು. ಆದರೆ ಈ ಪದದ ಪ್ರಯೋಗಗಳನ್ನು ಒಂದೊಂದಾಗಿ ಪರಿಶೀಲಿಸಿದ ಮೇಲೆ ನಮ್ಮ ಅಭಿಪ್ರಾಯ ಬದಲಾಗಿದೆ. ನಿಘಂಟು ಕೊಡುವ ಅರ್ಥ ಸುಳ್ಳಲ್ಲ. ಆದರೆ ಆ ಅರ್ಥವನ್ನಷ್ಟೇ ಕೈಯಲ್ಲಿ ಹಿಡಿದು ಹೊರಟ ಭಾಷಾಂತರಕಾರನು ಕೆಲವೆಡೆ ಮೂಲಕ್ಕೆ ನೇರ ವಿರುದ್ಧವಾದ ಅರ್ಥವನ್ನೇ ಹೇಳಿಬಿಡುವ ಅಪಾಯವಿದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವ್ಯುತ್ಪತ್ತಿಯನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಮೀಡಿಯಸ್’ ಎಂದರೆ ನಡುವಿನದು. ಅದರ ಹಿಂದೆ ಬೇರ್ಪಡಿಕೆಯನ್ನು ಸೂಚಿಸುವ ‘ದಿಸ್’ ಎಂಬ ಉಪಸರ್ಗ ಸೇರಿ ‘ದಿಮಿಡಿಯಸ್’ ಎಂಬ ವಿಶೇಷಣವೂ, ಅದರಿಂದ ‘ದಿಮಿಡಿಯಾರೆ’ ಎಂಬ ಕ್ರಿಯಾಪದವೂ ಆದುವು. ನಡುವೆ ಸೀಳಿದ್ದು ಎಂಬುದು ಮೂಲಾರ್ಥ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ‘ಡೆಮಿ’ ಎಂಬ ಪೂರ್ವಪದವೂ ಇದೇ ಮನೆಯದು. ‘ಬೈಸೆಕ್ಟ್’ ಎಂಬುದು ಬೇರೆ ಕುಲದ್ದು. ಎರಡು ಎಂಬ ಅರ್ಥದ ‘ಬೈ’, ಕತ್ತರಿಸು ಎಂಬ ಅರ್ಥದ ಲ್ಯಾಟಿನ್ ಧಾತು ಇವೆರಡರಿಂದ ಹದಿನೇಳನೆಯ ಶತಮಾನದಲ್ಲಿ ಗಣಿತಜ್ಞರು ಕಟ್ಟಿಕೊಂಡ ಪದ. ಅಚ್ಚ ಇಂಗ್ಲಿಷಿನ ‘ಹಾಫ್’ ಎಂಬುದರ ಕಥೆ ಇನ್ನೂ ವಿಚಿತ್ರ: ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಪಕ್ಕ, ಮಗ್ಗುಲು’ ಎಂಬ ಅರ್ಥವೂ ಇತ್ತು. ಒಬ್ಬರ ಪರವಾಗಿ ಎಂಬ ಅರ್ಥದಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಬಿಹಾಫ್’ ಎಂಬ ಪದದಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ. ಹೀಗೆ ಮೂರು ಪದಗಳು ಒಂದೇ ಕ್ರಿಯೆಯನ್ನು ಮೂರು ಕಡೆಗಳಿಂದ ನೋಡುತ್ತವೆ. ಒಂದು ಕತ್ತಿಯನ್ನು ನೋಡುತ್ತದೆ. ಒಂದು ಮಗ್ಗುಲನ್ನು ನೋಡುತ್ತದೆ. ಒಂದು ನಡುವನ್ನು ನೋಡುತ್ತದೆ.

ಈ ಭೇದ ನಮ್ಮ ಕಲ್ಪನೆಯಲ್ಲ. ಲ್ಯಾಟಿನ್ ವೈಯಾಕರಣರೇ ಇದನ್ನು ಕುರಿತು ಚರ್ಚಿಸಿದ್ದಾರೆ. ಕ್ರಿ. ಶ. ಎರಡನೆಯ ಶತಮಾನದ ಔಲಸ್ ಗೆಲಿಯಸ್ ಎಂಬವನು ತಾನು ಓದಿದ, ಕೇಳಿದ ವಿಷಯಗಳನ್ನೆಲ್ಲ ಟಿಪ್ಪಣಿಗಳಾಗಿ ಸಂಗ್ರಹಿಸಿ ‘ನಾಕ್ಟೆಸ್ ಅಟ್ಟಿಕೀ’ ಎಂಬ ಗ್ರಂಥವನ್ನು ರಚಿಸಿದನು. ಅದರ ಮೂರನೆಯ ಪುಸ್ತಕದ ಹದಿನಾಲ್ಕನೆಯ ಅಧ್ಯಾಯ ಇಡಿಯಾಗಿ ‘ದಿಮಿಡಿಯಂ’ ಮತ್ತು ‘ದಿಮಿಡಿಯಾತುಂ’ ಎಂಬೆರಡು ರೂಪಗಳ ವ್ಯತ್ಯಾಸಕ್ಕೆ ಮೀಸಲಾಗಿದೆ. ಅಲ್ಲಿ ಅವನು ತನಗಿಂತ ಸುಮಾರು ಇನ್ನೂರು ವರ್ಷ ಹಿಂದಿನ ಮಹಾವಿದ್ವಾಂಸನಾದ ವಾರೋನ ಮತವನ್ನು ಎತ್ತಿಹೇಳುತ್ತಾನೆ. ವಾರೋನ ಮತದ ಸಾರಾಂಶ ಇಷ್ಟು: ಎರಡು ಸಮಭಾಗವಾಗಿ ಸೀಳಲ್ಪಟ್ಟ ಇಡಿಯ ವಸ್ತುವನ್ನು ‘ದಿಮಿಡಿಯಾತುಂ’ ಎನ್ನಬೇಕು, ಹಾಗೆ ಸೀಳಿದಾಗ ದೊರೆಯುವ ಭಾಗಗಳಲ್ಲಿ ಒಂದನ್ನು ‘ದಿಮಿಡಿಯಂ’ ಎನ್ನಬೇಕು. ಆದಕಾರಣ, ಅರ್ಧಕ್ಕೆ ಓದಿ ನಿಲ್ಲಿಸಿದ ಪುಸ್ತಕಕ್ಕೆ ‘ದಿಮಿಡಿಯಸ್’ ಎಂಬ ವಿಶೇಷಣವನ್ನು ಹಚ್ಚಬಾರದು. ಏಕೆಂದರೆ ಪುಸ್ತಕ ಅರ್ಧವಲ್ಲ, ಅದು ಅರ್ಧವಾಗಿಸಲ್ಪಟ್ಟ ಇಡಿ.

ಮೇಲುನೋಟಕ್ಕೆ ಇದು ಕೂದಲು ಸೀಳುವ ವಾದದಂತೆ ತೋರಬಹುದು. ಆದರೆ ಸಂಸ್ಕೃತ ವ್ಯಾಕರಣವನ್ನು ಬಲ್ಲ ನಮ್ಮ ಓದುಗರು ಇದನ್ನು ಕಂಡು ನಗಲಾರರು. ಪಾಣಿನಿಯೂ ‘ಅರ್ಧ’ ಎಂಬ ಪದದ ವಿಷಯದಲ್ಲಿ ಇಂತಹುದೇ ಎಚ್ಚರಿಕೆಯನ್ನು ವಹಿಸಿದ್ದಾನೆ. ಅಷ್ಟಾಧ್ಯಾಯಿಯ 2.2.2ನೆಯ ಸೂತ್ರದ ಪ್ರಕಾರ ನಪುಂಸಕಲಿಂಗದ ‘ಅರ್ಧ’ ಶಬ್ದಕ್ಕೆ ಸರಿಸಮವಾದ ಭಾಗವೆಂದು ಅರ್ಥ. ಆಗ ಅದು ಸಮಾಸದಲ್ಲಿ ಮೊದಲು ನಿಂತು ‘ಅರ್ಧಪಿಪ್ಪಲೀ’ ಎಂಬಂತಹ ರೂಪವಾಗುತ್ತದೆ. ನಪುಂಸಕವಲ್ಲದ ‘ಅರ್ಧ’ಕ್ಕೆ ಒಂದು ಭಾಗವೆಂದಷ್ಟೇ ಅರ್ಥ, ಅದು ಸಮವಾಗಿರಬೇಕೆಂಬ ನಿಯಮವಿಲ್ಲ, ಆಗ ‘ಗ್ರಾಮಾರ್ಧ’ ಎಂಬಂತೆ ಕೊನೆಯಲ್ಲಿ ನಿಲ್ಲುತ್ತದೆ. ವಾರೋ ಕೇಳಿದ ಪ್ರಶ್ನೆ ಬೇರೆ, ಪಾಣಿನಿ ಕೇಳಿದ ಪ್ರಶ್ನೆ ಬೇರೆ: ಒಬ್ಬನು ಇಡಿಯೋ ಭಾಗವೋ ಎಂದು ವಿಚಾರಿಸುತ್ತಾನೆ, ಇನ್ನೊಬ್ಬನು ಸಮವೋ ಅಸಮವೋ ಎಂದು ವಿಚಾರಿಸುತ್ತಾನೆ. ಆದರೆ ‘ಅರ್ಧ’ವೆಂಬುದು ಸಾಮಾನ್ಯರು ತಿಳಿದಷ್ಟು ಸರಳವಾದ ಕಲ್ಪನೆಯಲ್ಲವೆಂಬ ವಿಷಯದಲ್ಲಿ ಇಬ್ಬರೂ ಒಂದೇ ಅಭಿಪ್ರಾಯದವರು. ಲಿಂಗಭೇದದಿಂದ ಅರ್ಥಭೇದವನ್ನು ತೋರಿಸುವ ಆ ಅನುಕೂಲ ‘ಅರ್ಧ’ವನ್ನು ಎರವಲು ಪಡೆದ ಕನ್ನಡಕ್ಕೆ ಬರಲಿಲ್ಲ. ಕನ್ನಡ ಬೇರೆ ದಾರಿಯನ್ನು ಹಿಡಿಯಿತು. ಅದನ್ನು ಮುಂದೆ ಹೇಳುತ್ತೇವೆ.

ವಾರೋನ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಒಂದು ಪ್ರಸಿದ್ಧ ಪ್ರಯೋಗಕ್ಕೆ ಬರೋಣ. ಬೈಬಲ್ಲಿನ ಕೀರ್ತನೆಗಳಲ್ಲಿ ಐವತ್ತೈದನೆಯದರ ಕೊನೆಯ ವಚನದಲ್ಲಿ ಕೊಲೆಗಡುಕರ ಹಾಗೂ ವಂಚಕರ ಆಯುಷ್ಯವನ್ನು ಕುರಿತ ಮಾತು ಬರುತ್ತದೆ. ಮೂಲ ಹೀಬ್ರೂ ಭಾಷೆಯಲ್ಲಿರುವುದು ‘ಅರ್ಧಿಸು, ವಿಭಾಗಿಸು’ ಎಂಬ ಅರ್ಥದ ಕ್ರಿಯಾಪದ. ಅದನ್ನು ಗ್ರೀಕಿಗೆ ಪರಿವರ್ತಿಸಿದ ಪ್ರಾಚೀನರು ಗ್ರೀಕಿನ ‘ಅರ್ಧ’ ಪದದಿಂದಲೇ ಸಾಧಿತವಾದ ಕ್ರಿಯಾಪದವನ್ನು ಹಾಕಿದರು. ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದಾಗ ನಮ್ಮ ‘ದಿಮಿಡಿಯಾರೆ’ ಆ ಸ್ಥಾನದಲ್ಲಿ ನಿಂತಿತು. ಲ್ಯಾಟಿನ್ ಬೈಬಲ್ಲಿನ ಎಣಿಕೆಯಲ್ಲಿ ಇದು ಐವತ್ತನಾಲ್ಕನೆಯ ಕೀರ್ತನೆ. ಮೂರು ಭಾಷೆಗಳಲ್ಲಿಯೂ ವಾಕ್ಯ ನಿಷೇಧಾರ್ಥಕವಾದುದು: ಅಂತಹ ಜನರು ತಮ್ಮ ದಿನಗಳನ್ನು ‘ಅರ್ಧಿಸುವುದಿಲ್ಲ’.

ನಿಘಂಟಿನ ಅರ್ಥವನ್ನು ಇಲ್ಲಿ ಇಟ್ಟುನೋಡಿ. ‘ದುಷ್ಟರು ತಮ್ಮ ಆಯುಸ್ಸನ್ನು ಅರ್ಧ ಮಾಡಿಕೊಳ್ಳುವುದಿಲ್ಲ’ ಎಂದಾಗುತ್ತದೆ. ಕನ್ನಡ ಓದುಗನಿಗೆ ಇದರಿಂದ ತಿಳಿಯುವುದೇನು? ಅವರ ಆಯುಸ್ಸಿಗೆ ಕೊರತೆಯಿಲ್ಲ, ಅವರು ಪೂರ್ಣಾಯುಷಿಗಳು ಎಂದು ತಾನೆ? ಕೀರ್ತನಕಾರನ ಶಾಪ ಹೀಗೆ ಆಶೀರ್ವಾದವಾಗಿ ಪರಿಣಮಿಸುತ್ತದೆ. ಮೂಲದ ಅಭಿಪ್ರಾಯವಾದರೋ ಇದಕ್ಕೆ ತೀರ ವಿರುದ್ಧ: ಅವರು ತಮಗೆ ಸಲ್ಲಬೇಕಾದ ಆಯುಸ್ಸಿನ ಅರ್ಧದವರೆಗೂ ಹೋಗಲಾರರು, ನಡುದಾರಿಯನ್ನೂ ಮುಟ್ಟಲಾರರು ಎಂಬುದು. 1611ರ ಇಂಗ್ಲಿಷ್ ಬೈಬಲ್ಲಿನ ಭಾಷಾಂತರಕಾರರು ಈ ತೊಡಕನ್ನು ಅರಿತಿದ್ದರೆಂಬುದು ಅವರ ವಾಕ್ಯದಿಂದಲೇ ವ್ಯಕ್ತವಾಗುತ್ತದೆ. ಅವರು ‘ಅರ್ಧಿಸು’ ಎಂಬ ಒಂದೇ ಕ್ರಿಯಾಪದವನ್ನು ಒಡೆದು, ಬದುಕುವುದನ್ನು ಹೇಳುವ ಕ್ರಿಯಾಪದವೊಂದನ್ನೂ ಅರ್ಧವೆಂಬ ನಾಮಪದವನ್ನೂ ಬೇರೆಬೇರೆಯಾಗಿ ಇಟ್ಟರು. ಮೂಲದ ಅಡಕ ಹೋಯಿತು; ಅರ್ಥ ಉಳಿಯಿತು. ಈ ವಿನಿಮಯದಲ್ಲಿ ಅವರಿಗೆ ನಷ್ಟವಾಯಿತೆಂದು ನಾವು ಹೇಳಲಾರೆವು.

ಈ ಒಂದು ವಾಕ್ಯದಿಂದ ‘ದಿಮಿಡಿಯಾರೆ’ ಎಂಬುದರ ಸ್ವಭಾವ ತಿಳಿಯುತ್ತದೆ. ಅದು ಕತ್ತರಿಸುವ ಕೆಲಸವನ್ನು ಮಾತ್ರ ಹೇಳುವ ಪದವಲ್ಲ. ಒಂದು ಇಡಿ ಇದೆ, ಅದಕ್ಕೆ ನಡುವೊಂದಿದೆ, ಆ ನಡುವಿಗೆ ಸಂಬಂಧಿಸಿದಂತೆ ಆ ಇಡಿಯ ಸ್ಥಿತಿಯೇನು ಎಂಬುದನ್ನು ಅದು ಹೇಳುತ್ತದೆ. ನಡುವನ್ನು ಮುಟ್ಟುವುದೂ ದಿಮಿಡಿಯಾರೆ. ನಡುವಿನವರೆಗೆ ತಗ್ಗುವುದೂ ದಿಮಿಡಿಯಾರೆ. ಕನ್ನಡದಲ್ಲಿ ‘ಕೆಲಸ ಅರ್ಧಕ್ಕೆ ಬಂತು’ ಎಂದರೆ ಸಂತೋಷ. ‘ಕೆಲಸ ಅರ್ಧಕ್ಕೆ ನಿಂತಿತು’ ಎಂದರೆ ವ್ಯಸನ. ‘ಬೆಲೆ ಅರ್ಧಕ್ಕೆ ಇಳಿಯಿತು’ ಎಂದರೆ ಕೊಳ್ಳುವವನಿಗೆ ಸಂತೋಷ, ಮಾರುವವನಿಗೆ ವ್ಯಸನ. ಮೂರರಲ್ಲಿಯೂ ‘ಅರ್ಧಕ್ಕೆ’ ಎಂಬುದು ಒಂದೇ. ದಿಕ್ಕನ್ನು ತೋರಿಸುವುದು ಅದರ ಮುಂದಿನ ಕ್ರಿಯಾಪದ. ಲ್ಯಾಟಿನ್ ಈ ದಿಕ್ಕುಗಳನ್ನೆಲ್ಲ ಒಂದೇ ಕ್ರಿಯಾಪದದೊಳಗೆ ಮುಚ್ಚಿಟ್ಟು, ಬಿಡಿಸುವ ಹೊಣೆಯನ್ನು ಸಂದರ್ಭಕ್ಕೆ ಬಿಡುತ್ತದೆ. ಆದುದರಿಂದ ಕನ್ನಡ ಭಾಷಾಂತರಕಾರನು ಹುಡುಕಬೇಕಾದುದು ‘ಅರ್ಧ’ಕ್ಕೆ ಸಂವಾದಿಯನ್ನಲ್ಲ, ಅದರ ಮುಂದೆ ಬರಬೇಕಾದ ಕ್ರಿಯಾಪದವನ್ನು.

‘ಮೀಡಿಯಸ್’ ಎಂಬ ಇದೇ ಮೂಲದಿಂದ ಹುಟ್ಟಿ, ಅರ್ಧಿಸುವುದೆಂಬ ಅರ್ಥವನ್ನು ಪೂರ್ತಿಯಾಗಿ ಕಳೆದುಕೊಂಡ ಇನ್ನೊಂದು ಪದವನ್ನು ಇಲ್ಲಿ ಹೆಸರಿಸದೆ ಮುಂದೆ ಹೋಗುವಂತಿಲ್ಲ. ಅದು ‘ಮೀಡಿಯೇಷನ್’. ಇಂದು ಅದಕ್ಕೆ ಮಧ್ಯಸ್ಥಿಕೆ, ಸಂಧಾನ ಎಂಬ ಅರ್ಥ. ಮಧ್ಯಯುಗದ ಅಂಕಗಣಿತದಲ್ಲಿ ಅದು ಸಂಖ್ಯೆಯನ್ನು ಅರ್ಧಿಸುವ ಕ್ರಿಯೆಯ ಹೆಸರಾಗಿತ್ತು. ಹದಿಮೂರನೆಯ ಶತಮಾನದ ಸಾಕ್ರೋಬಾಸ್ಕೊ ತನ್ನ ಗಣಿತಗ್ರಂಥದಲ್ಲಿ ಕೂಡುವುದು, ಕಳೆಯುವುದು ಮೊದಲಾದವುಗಳೊಡನೆ ಅರ್ಧಿಸುವುದನ್ನೂ ಇಮ್ಮಡಿಸುವುದನ್ನೂ ಬೇರೆಬೇರೆ ಪರಿಕರ್ಮಗಳಾಗಿ ಎಣಿಸಿದ್ದಾನೆ. ಹದಿನೈದನೆಯ ಶತಮಾನದ ‘ದಿ ಕ್ರಾಫ್ಟ್ ಆಫ್ ನಂಬ್ರಿಂಗ್’ ಎಂಬ ಇಂಗ್ಲಿಷ್ ಗಣಿತ ಕೃತಿಯಲ್ಲಿಯೂ ಇವೆರಡಕ್ಕೂ ಪ್ರತ್ಯೇಕ ಸ್ಥಾನವಿದೆ. ಭಾಗಾಕಾರವಿರುವಾಗ ಅರ್ಧಿಸುವುದಕ್ಕೆ ಬೇರೆ ಹೆಸರೇಕೆ ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು. ಮಗ್ಗಿಯ ಹಂಗಿಲ್ಲದೆ ಗುಣಿಸಲು ಅದು ಸಾಧನವಾಗಬಲ್ಲದು. 13ನ್ನು ಅರ್ಧಿಸುತ್ತ ಬನ್ನಿ, ಉಳಿಕೆಯನ್ನು ಬಿಟ್ಟುಬಿಡಿ: 13, 6, 3, 1. ಪಕ್ಕದಲ್ಲಿ 24ನ್ನು ಇಮ್ಮಡಿಸುತ್ತ ಬನ್ನಿ: 24, 48, 96, 192. ಸರಿಸಂಖ್ಯೆಯಾದ 6ರ ಎದುರಿಗಿರುವ 48ನ್ನು ಹೊಡೆದುಹಾಕಿ ಉಳಿದವನ್ನು ಕೂಡಿದರೆ 312. ಹದಿಮೂರು ಇಪ್ಪತ್ತನಾಲ್ಕಲೆ ಅಷ್ಟೇ. ನಮ್ಮ ಹಳೆಯ ಲೆಕ್ಕದ ಭಿನ್ನರಾಶಿಗಳೂ ಹೀಗೆ ಅರ್ಧಿಸುತ್ತ ಇಳಿದುವೇ ಆಗಿವೆ: ಅರೆ, ಕಾಲು, ಅರೆಕಾಲು, ವೀಸ, ಅರೆವೀಸ. ಪ್ರತಿಯೊಂದೂ ಹಿಂದಿನದರಲ್ಲಿ ಅರ್ಧ. ‘ಮೀಡಿಯೇಷನ್’ ಎಂಬ ಗಣಿತಪದ ಸತ್ತಿತು. ಅದರ ಜಾಗವನ್ನು ‘ಡಿಮಿಡಿಯೇಷನ್’ ಆಕ್ರಮಿಸಲಿಲ್ಲ. ಸಂಖ್ಯೆಗಳನ್ನು ಅರ್ಧಿಸುವ ಕೆಲಸಕ್ಕೆ ಇಂಗ್ಲಿಷರು ತಮ್ಮ ಮನೆಮಾತಿನ ‘ಹಾವ್’ ಎಂಬುದನ್ನೇ ಸಾಕೆಂದುಕೊಂಡರು. ಸಂಖ್ಯೆಗೆ ಮೈಯಿಲ್ಲ. ಮೈಯುಳ್ಳ ವಸ್ತುವನ್ನು ಅರ್ಧಿಸಿದಾಗ ಮಾತ್ರ ನಮ್ಮ ಪದಕ್ಕೆ ಕೆಲಸ.

ಆ ಕೆಲಸ ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ಯೂರೋಪಿನ ವಂಶಲಾಂಛನ ಶಾಸ್ತ್ರದಲ್ಲಿ. ವಿವಾಹದಿಂದಲೋ ಅಧಿಕಾರಸಂಬಂಧದಿಂದಲೋ ಎರಡು ಲಾಂಛನಗಳನ್ನು ಒಂದೇ ಗುರಾಣಿಯಲ್ಲಿ ತೋರಿಸಬೇಕಾಗಿ ಬಂದಾಗ, ಹದಿಮೂರನೆಯ ಶತಮಾನದ ಕೊನೆ ಮತ್ತು ಹದಿನಾಲ್ಕನೆಯ ಶತಮಾನದ ಲಾಂಛನಕಾರರು ಒಂದು ನಿರ್ದಾಕ್ಷಿಣ್ಯವಾದ ಉಪಾಯವನ್ನು ಅನುಸರಿಸುತ್ತಿದ್ದರು. ಎರಡು ಲಾಂಛನಗಳನ್ನೂ ಮೇಲಿನಿಂದ ಕೆಳಕ್ಕೆ ನೇರವಾಗಿ ಸೀಳಿ, ಗಂಡನದರ ಬಲಭಾಗವನ್ನೂ ಹೆಂಡತಿಯದರ ಎಡಭಾಗವನ್ನೂ ತೆಗೆದು ಜೋಡಿಸುತ್ತಿದ್ದರು. ಬಲ ಎಡಗಳನ್ನು ಇಲ್ಲಿ ಗುರಾಣಿಯನ್ನು ಹಿಡಿದವನ ಕಡೆಯಿಂದ ಎಣಿಸಬೇಕು, ನೋಡುವವನ ಕಡೆಯಿಂದಲ್ಲ. ಈ ಕ್ರಮಕ್ಕೆ ‘ಡಿಮಿಡಿಯೇಷನ್’ ಎಂದು ಹೆಸರು. ಆಗ್ನೇಯ ಇಂಗ್ಲೆಂಡಿನ ಹೇಸ್ಟಿಂಗ್ಸ್, ನ್ಯೂ ರಾಮ್ನಿ, ಹೈತ್, ಡೋವರ್, ಸ್ಯಾಂಡ್ವಿಚ್ ಎಂಬ ಐದು ಬಂದರುಗಳ ಒಕ್ಕೂಟವಾದ ಸಿಂಕ್ ಪೋರ್ಟ್ಸಿನ ಲಾಂಛನ ಇದಕ್ಕೆ ಪ್ರಸಿದ್ಧ ನಿದರ್ಶನ. ಇಂಗ್ಲೆಂಡಿನ ಅರಸರ ಮೂರು ಸಿಂಹಗಳು ಮುಂದಿನ ಅರ್ಧದಲ್ಲಿ. ಮೂರು ಹಡಗುಗಳ ಒಡಲು ಹಿಂದಿನ ಅರ್ಧದಲ್ಲಿ. ಮುಖ, ಕೇಸರ, ಮುಂಗಾಲುಗಳಿಂದ ಆರಂಭವಾದ ಮೃಗರಾಜ ನಡುವಿಗೆ ಬರುವಷ್ಟರಲ್ಲಿ ಹಡಗಾಗಿ ಮುಗಿಯುತ್ತಾನೆ. ಗ್ರೇಟ್ ಯಾರ್ಮತ್ ಎಂಬ ಬಂದರಿನದು ಇನ್ನೂ ಸೊಗಸು: ಅಲ್ಲಿನ ಸಂಪತ್ತಿಗೆ ಮೂಲವಾದ ಹೆರಿಂಗ್ ಮೀನಿನ ಬಾಲ ಸಿಂಹದ ಮುಂಡಕ್ಕೆ ಅಂಟಿಕೊಂಡಿದೆ.

‘ಬೈಸೆಕ್ಟ್’ ಎಂಬ ಪದ ಇಲ್ಲಿ ಏಕೆ ಒದಗುವುದಿಲ್ಲವೆಂಬುದು ಈಗ ಸ್ಪಷ್ಟವಾಗುತ್ತದೆ. ರೇಖಾಗಣಿತದಲ್ಲಿ ಒಂದು ರೇಖೆಯನ್ನು ಬೈಸೆಕ್ಟ್ ಮಾಡಿದಾಗ ಎರಡು ಅರ್ಧಗಳೂ ನಮ್ಮ ಕಣ್ಣಮುಂದೆ ಇರುತ್ತವೆ, ಯಾವುದೂ ನಷ್ಟವಾಗುವುದಿಲ್ಲ. ಯಾರ್ಮತ್ತಿನ ಸಿಂಹದ ಹಿಂಭಾಗವಾದರೋ ಎಲ್ಲಿಯೂ ಇಲ್ಲ. ‘ಡೆಮಿ’ ಎಂಬುದೂ ಸಲ್ಲದು; ಲಾಂಛನಶಾಸ್ತ್ರದಲ್ಲಿ ‘ಡೆಮಿ’ ಸಿಂಹವೆಂದರೆ ಅಡ್ಡಲಾಗಿ ಕತ್ತರಿಸಿದ ಮೇಲಿನ ಅರ್ಧ. ಒಂದೇ ತಾಯಿಯ ಮಕ್ಕಳಾದ ಎರಡು ಪದಗಳು ಒಂದೇ ಶಾಸ್ತ್ರದಲ್ಲಿ ಅಡ್ಡಸೀಳಿಗೊಂದು, ಉದ್ದಸೀಳಿಗೊಂದು ಎಂದು ಕೆಲಸವನ್ನು ಹಂಚಿಕೊಂಡಿವೆ. ಡಿಮಿಡಿಯೇಟ್ ಆದ ಸಿಂಹವೆಂದರೆ ತನ್ನ ಅರ್ಧವನ್ನು ಕಳೆದುಕೊಂಡು, ಉಳಿದರ್ಧದಿಂದ ಪರಕೀಯವಾದ ಮತ್ತೊಂದು ಅರ್ಧಕ್ಕೆ ಜೋಡಿಸಲ್ಪಟ್ಟ ಸಿಂಹ. ಕಳೆದುಕೊಳ್ಳುವುದು, ಕೂಡಿಕೊಳ್ಳುವುದು ಎರಡೂ ಆ ಪದದಲ್ಲಿ ಅಡಗಿವೆ. ನಿಘಂಟಿನ ಅರ್ಥದಲ್ಲಿ ಎರಡಕ್ಕೂ ಎಡೆಯಿಲ್ಲ.

ಈ ಪದ್ಧತಿ ಬಹುಕಾಲ ನಿಲ್ಲಲಿಲ್ಲ. ಸಿಂಹ ಮೀನುಗಳ ಮಾತು ಹಾಗಿರಲಿ. ಕೆಲವು ಲಾಂಛನಗಳಲ್ಲಿ ಅರ್ಧ ಹೋದ ಮೇಲೆ ಉಳಿದುದು ಯಾವುದೆಂಬುದೇ ತಿಳಿಯದಂತಾಗುತ್ತಿತ್ತು. ಮನೆಯ ಮಾಡಿನಂತೆ ನಡುವೆ ಕೂಡುವ ‘ಷೆವ್ರನ್’ ಎಂಬ ಪಟ್ಟಿಯನ್ನು ನಡುವೆ ಸೀಳಿದರೆ ಉಳಿಯುವುದು ಒಂದು ಓರೆಪಟ್ಟಿ; ಓರೆಪಟ್ಟಿಯೇ ಲಾಂಛನವಾಗಿರುವ ಬೇರೆ ವಂಶಗಳುಂಟು. ವಂಶವನ್ನು ಗುರುತಿಸುವುದಕ್ಕಾಗಿಯೇ ಹುಟ್ಟಿದ ಚಿಹ್ನೆ ವಂಶವನ್ನೇ ಮರೆಸಿದರೆ ಅದರಿಂದ ಪ್ರಯೋಜನವೇನು? ಆದುದರಿಂದ ಮುಂದಿನವರು ಎರಡು ಲಾಂಛನಗಳನ್ನೂ ಪೂರ್ಣವಾಗಿಯೇ, ಆದರೆ ಅರ್ಧ ಅಗಲಕ್ಕೆ ಹಿಸುಕಿ, ಪಕ್ಕಪಕ್ಕದಲ್ಲಿ ಇಡುವ ಕ್ರಮವನ್ನು ಹಿಡಿದರು. ಹಳೆಯ ಕ್ರಮದ ಗುರುತು ಹೊಸದರಲ್ಲಿಯೂ ಒಂದೆಡೆ ಉಳಿಯಿತು: ಲಾಂಛನಕ್ಕೆ ಸುತ್ತ ಅಂಚುಪಟ್ಟಿಯಿದ್ದರೆ, ನಡುಗೆರೆಯ ಪಕ್ಕದಲ್ಲಿ ಮಾತ್ರ ಆ ಅಂಚು ಲೋಪವಾಗುತ್ತದೆ. ಆದರೆ ಕೇಂಬ್ರಿಜ್ಜಿನ ಪೆಂಬ್ರೋಕ್ ಕಾಲೇಜು ಇಂದಿಗೂ ಸೀಳಿದ ಲಾಂಛನವನ್ನೇ ಧರಿಸುತ್ತಿದೆ. 1347ರಲ್ಲಿ ಅದನ್ನು ಸ್ಥಾಪಿಸಿದ ಮೇರಿ ಡ ಸೇಂಟ್ ಪಾಲ್ ಎಂಬಾಕೆ ಪೆಂಬ್ರೋಕಿನ ಅರ್ಲ್ ಆಗಿದ್ದ ಏಮರ್ ಡ ವ್ಯಾಲೆನ್ಸನ ವಿಧವೆ. ಗಂಡನ ಗುರಾಣಿಯ ಅಂಚಿನಲ್ಲಿ ಸಾಲುಗಟ್ಟಿದ್ದ ಕೆಂಪು ಪುಟ್ಟಹಕ್ಕಿಗಳ ಬಳಸು ಕಾಲೇಜಿನ ಲಾಂಛನದಲ್ಲಿ ನಡುಗೆರೆಗೆ ಬಂದು ತುಂಡಾಗಿ ನಿಲ್ಲುತ್ತದೆ. ಅಲ್ಲಿಂದಾಚೆಗೆ ಆಕೆಯ ತವರಿನ ಲಾಂಛನ.

ಗಂಡನಿಗೆ ಬಲಭಾಗ, ಹೆಂಡತಿಗೆ ಎಡಭಾಗ ಎಂದೊಡನೆ ನಮ್ಮ ಓದುಗರಿಗೆ ಅರ್ಧನಾರೀಶ್ವರನ ನೆನಪಾಗದೆ ಇರದು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನೂ ಇದ್ದಾನೆ, ಹರಿಹರನೂ ಇದ್ದಾನೆ. ಎರಡರಲ್ಲಿಯೂ ಶಿವನದು ಬಲಭಾಗ. ಇವೆರಡು ಸಂಪ್ರದಾಯಗಳ ನಡುವೆ ಚಾರಿತ್ರಿಕ ಸಂಬಂಧವನ್ನು ಊಹಿಸುವುದು ನಮ್ಮ ಉದ್ದೇಶವಲ್ಲ, ಊಹಿಸತಕ್ಕದ್ದೂ ಅಲ್ಲ. ಹೋಲಿಕೆಗಿಂತ ಭೇದವೇ ಇಲ್ಲಿ ಬೋಧಪ್ರದವಾದುದು. ಬಾದಾಮಿಯ ಶಿಲ್ಪಿ ಎರಡು ಮೂರ್ತಿಗಳನ್ನು ಕಡೆದು ಆಮೇಲೆ ಸೀಳಲಿಲ್ಲ. ಎಡದ ಸ್ತನ, ಎಡದ ಆಭರಣ, ಎಡದ ಉಡುಗೆ ಬೇರೆಯಾದರೂ ನಿಲುವು ಒಂದೇ, ಉಸಿರು ಒಂದೇ. ಅಲ್ಲಿ ಯಾರೂ ಅರ್ಧವನ್ನು ಕಳೆದುಕೊಂಡಿಲ್ಲ. ಲಾಂಛನಕಾರನಾದರೋ ಮೊದಲು ಕತ್ತಿಯನ್ನು ಹಿಡಿಯುತ್ತಾನೆ, ಆಮೇಲೆ ಅಂಟನ್ನು. ಆದುದರಿಂದ ಅರ್ಧನಾರೀಶ್ವರನನ್ನು ಇಂಗ್ಲಿಷಿನಲ್ಲಿ ವಿವರಿಸುವಾಗ ‘ಡಿಮಿಡಿಯೇಟ್’ ಎಂಬ ಪದ ಯಾರಿಗಾದರೂ ಆಕರ್ಷಕವಾಗಿ ತೋರಿದಲ್ಲಿ, ಅದನ್ನು ಬಳಸದಿರುವುದೇ ಲೇಸೆಂದು ನಮಗೆ ತೋರುತ್ತದೆ.

ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರಗಳ ಪ್ರಯೋಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಲ್ಲಿ ಈ ಪದಕ್ಕೆ ‘ಅರ್ಧ ಇಲ್ಲವೇನೋ ಎಂಬಂತೆ ಕಾಣುವ’ ಎಂದು ಅರ್ಥ. ಮರದ ಕಾಂಡಕ್ಕೆ ಅಂಟಿಕೊಂಡು ಗೋಡೆಯ ಗೂಡುಹಲಗೆಯಂತೆ ಚಾಚುವ ಅರ್ಧವರ್ತುಲಾಕಾರದ ಅಣಬೆಯನ್ನು, ಗ್ಯಾನೊಡರ್ಮ ಮೊದಲಾದವನ್ನು, ಈ ಪದದಿಂದ ವರ್ಣಿಸುತ್ತಾರೆ. ಅಲ್ಲಿ ಯಾರೂ ಏನನ್ನೂ ಕತ್ತರಿಸಿಲ್ಲ. ಆಫ್ರಿಕಾದ ಒಂದು ಬಾನಾಡಿಗೆ, ಮೇಲ್ಮೈ ಕಡುನೀಲಿಯೂ ಕೆಳಮೈ ಬಿಳಿದೂ ಆಗಿರುವುದರಿಂದ, ‘ಹಿರುಂಡೊ ಡಿಮಿಡಿಯಾಟ’ ಎಂಬ ಶಾಸ್ತ್ರೀಯ ನಾಮವಿದೆ. ಅಲ್ಲಿ ಸೀಳಿರುವುದು ಬಣ್ಣ ಮಾತ್ರ.

ಇನ್ನು ಸಾಹಿತ್ಯಕ್ಕೆ ಬರೋಣ. ಅರ್ಧವಾಗಿಸಲ್ಪಟ್ಟ ಇಡಿ ಎಂಬ ವಾರೋನ ಕಲ್ಪನೆಯನ್ನು ಅಕ್ಷರಶಃ ಕಥೆಯಾಗಿ ಬರೆದವನು ಇಟಲಿಯ ಇಟಾಲೊ ಕಾಲ್ವಿನೊ. 1952ರಲ್ಲಿ ಪ್ರಕಟವಾದ ಅವನ ಕಿರುಕಾದಂಬರಿಯ ಹೆಸರು ‘ಇಲ್ ವಿಸ್ಕೊಂತೆ ದಿಮೆದ್ಜಾತೊ’. ತೆರ್ರಾಲ್ಬದ ವಿಸ್ಕೌಂಟ್ ಆದ ಮೆದಾರ್ದೊ ತುರ್ಕರ ಮೇಲಿನ ಯುದ್ಧದಲ್ಲಿ ಫಿರಂಗಿಯ ಗುಂಡಿಗೆ ಸಿಕ್ಕಿ ತಲೆಯಿಂದ ಕೆಳಗಿನವರೆಗೆ ಸೀಳಿಹೋಗುತ್ತಾನೆ. ವೈದ್ಯರು ಉಳಿಸಿದ ಒಂದು ಅರ್ಧ ಊರಿಗೆ ಮರಳುತ್ತದೆ. ಅದು ದುಷ್ಟ ಅರ್ಧ. ಅದು ನಡೆದ ದಾರಿಯಲ್ಲೆಲ್ಲ ಅರ್ಧ ಪೇರುಹಣ್ಣುಗಳು, ಅರ್ಧ ಕಪ್ಪೆಗಳು, ಅರ್ಧ ಅಣಬೆಗಳು. ಕೆಲಕಾಲದ ಮೇಲೆ ಇನ್ನೊಂದು ಅರ್ಧವೂ ಬರುತ್ತದೆ. ಅದು ಒಳ್ಳೆಯದು, ಎಷ್ಟು ಒಳ್ಳೆಯದೆಂದರೆ ಜನರಿಗೆ ಅದರ ಕಾಟವೂ ಸಹಿಸಲಾಗದಷ್ಟು. ಕೊನೆಗೆ ಪಮೇಲ ಎಂಬ ಹುಡುಗಿಗಾಗಿ ಎರಡು ಅರ್ಧಗಳೂ ಕತ್ತಿಯುದ್ಧ ಮಾಡಿ ತಮ್ಮ ಹಳೆಯ ಸೀಳುಗಾಯವನ್ನೇ ತೆರೆದುಕೊ‌ಳ್ಳುತ್ತವೆ. ವೈದ್ಯನು ಅವೆರಡನ್ನೂ ಕಟ್ಟಿ ಒಂದು ಮಾಡುತ್ತಾನೆ.

ಹೆಸರಿನಲ್ಲಿರುವ ಇಟಾಲಿಯನ್ ವಿಶೇಷಣವೂ ನಮ್ಮ ಪದವೂ ಒಂದೇ ವಂಶದವು. 1962ರಲ್ಲಿ ಇದನ್ನು ಇಂಗ್ಲಿಷಿಗೆ ತಂದ ಆರ್ಚಿಬಾಲ್ಡ್ ಕಾಹೂನನು ‘ದಿ ಕ್ಲೋವನ್ ವಿಸ್ಕೌಂಟ್’ ಎಂದು ಹೆಸರಿಟ್ಟನು. ‘ಕ್ಲೋವನ್’ ಎಂದರೆ ಸೀಳಿದ ಎಂಬರ್ಥವಾದರೂ ಇಂಗ್ಲಿಷ್ ಓದುಗನಿಗೆ ಅದರೊಡನೆ ಬರುವುದು ಸೈತಾನನ ಸೀಳುಗೊರಸಿನ ನೆನಪು. ದುಷ್ಟ ಅರ್ಧಕ್ಕೆ ಇದು ಒಪ್ಪುತ್ತದೆ, ಸಾಧು ಅರ್ಧಕ್ಕೆ ಒಪ್ಪುವುದಿಲ್ಲ ಎಂದು ಆಕ್ಷೇಪಿಸಬಹುದು. ಹಾಗಾದರೆ ಅವನು ‘ಡಿಮಿಡಿಯೇಟೆಡ್’ ಎಂದು ಬರೆಯಬೇಕಾಗಿತ್ತೆ? ಲಾಂಛನವುಳ್ಳ ವಂಶದಲ್ಲಿ ಹುಟ್ಟಿದವನು, ಲಾಂಛನದಂತೆಯೇ ಉದ್ದಕ್ಕೆ ಸೀಳಲ್ಪಟ್ಟವನು. ಆ ಪದ ಇಷ್ಟು ಸಾರ್ಥಕವಾಗಿ ಕುಳಿತುಕೊಳ್ಳಬಹುದಾದ ಇನ್ನೊಂದು ಕಥೆ ನಮಗೆ ತಿಳಿಯದು. ಆದರೂ ಕಾಹೂನನು ಅದನ್ನು ಬಿಟ್ಟುದೇ ಸರಿಯೆಂಬುದು ನಮ್ಮ ತೀರ್ಮಾನ. ಕಾಲ್ವಿನೊ ಬಳಸಿದುದು ಇಟಲಿಯ ಮಕ್ಕಳಿಗೂ ಅರ್ಥವಾಗುವ ಪದ; ಅವನ ಗದ್ಯವೂ ಕಥೆ ಹೇಳುವ ಅಜ್ಜಿಯ ಗದ್ಯದಂತೆ ಹಗುರವಾದುದು. ವಂಶ ಒಂದೇ ಆಗಿದ್ದ ಮಾತ್ರಕ್ಕೆ ಬಳಕೆಯ ಪದಕ್ಕೆ ಅಪರೂಪದ ಪದ ಸಂವಾದಿಯಾಗಲಾರದು. ತದ್ಭವದ ಸ್ಥಾನದಲ್ಲಿ ತತ್ಸಮವನ್ನಿಟ್ಟು ಜನಪದ ಕಥೆಯನ್ನು ಕೆಡಿಸುವ ಅಭ್ಯಾಸ ನಮ್ಮಲ್ಲಿಯೂ ಉಂಟಷ್ಟೆ.

ಕಾಲ್ವಿನೊನ ವಿಸ್ಕೌಂಟ್ ನಮ್ಮ ಚರ್ಚೆಗೆ ಮತ್ತೊಂದು ರೀತಿಯಲ್ಲಿ ಮುಖ್ಯನಾಗಿದ್ದಾನೆ. ದುಷ್ಟ ಅರ್ಧವೂ ಸಾಧು ಅರ್ಧವೂ ಒಂದು ವಿಷಯದಲ್ಲಿ ಒಂದೇ ಮಾತನ್ನಾಡುತ್ತವೆ: ಅರ್ಧವಾದವನಿಗೆ ಇಡಿಯಾಗಿರುವವರಿಗೆ ತಿಳಿಯದ ಏನೋ ತಿಳಿಯುತ್ತದೆ ಎಂದು. ಒಂದು ಅದನ್ನು ಹೆಮ್ಮೆಯಿಂದ ಹೇಳುತ್ತದೆ, ಇನ್ನೊಂದು ಮರುಕದಿಂದ. ಭಾಗವೊಂದು ಹೀಗೆ ಮಾತನಾಡಲಾರದು. ತಾನು ಇಡಿಯಾಗಿದ್ದುದನ್ನು ಬಲ್ಲುದು ಮಾತ್ರ ಹೀಗೆ ಮಾತನಾಡಬಲ್ಲುದು. ವಾರೋನ ಭೇದ ಬರಿಯ ವ್ಯಾಕರಣದ ಹಟವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಈಗ ಕನ್ನಡದ ವಿಚಾರ. ಪಾರಿಭಾಷಿಕ ಪದಗಳನ್ನು ಕಟ್ಟುವ ಉತ್ಸಾಹದಲ್ಲಿ ಈ ಪದಕ್ಕೆ ‘ಅರ್ಧೀಕರಣ’ ಎಂಬ ಒಂದು ನಾಣ್ಯವನ್ನು ಟಂಕಿಸಿ ಎಲ್ಲೆಡೆಯೂ ಚಲಾಯಿಸುವುದು ಸುಲಭ. ಆದರೆ ಅದು ಕೀರ್ತನೆಯಲ್ಲಿ ಅನರ್ಥವನ್ನೂ, ಲಾಂಛನದಲ್ಲಿ ಅಸ್ಪಷ್ಟತೆಯನ್ನೂ, ಅಣಬೆಯ ವರ್ಣನೆಯಲ್ಲಿ ಹಾಸ್ಯವನ್ನೂ ಉಂಟುಮಾಡುವುದು. ಕನ್ನಡಕ್ಕೆ ತನ್ನದೇ ಆದ ‘ಅರೆ’ ಇದೆ. ಲೆಕ್ಕದ ಪದಗಳ ಜೊತೆಯಲ್ಲಿ, ‘ಒಂದೂವರೆ’ ಎಂದಾಗಲೂ ‘ಅರೆವೀಸ’ ಎಂದಾಗಲೂ, ಅದು ಕರಾರುವಾಕ್ಕಾದ ಅರ್ಧ. ಉಳಿದ ಪದಗಳ ಹಿಂದೆ ಬಂದಾಗ ಅದರ ಗುಣವೇ ಬೇರೆ. ಅರೆನಿದ್ದೆ, ಅರೆಮನಸ್ಸು, ಅರೆಹೊಟ್ಟೆ, ಅರೆಬೆಂದ ಅನ್ನ: ಇವನ್ನು ಯಾರೂ ಅಳೆದು ಹೇಳುವುದಿಲ್ಲ. ಇರಬೇಕಾದಷ್ಟು ಇಲ್ಲ, ತುಂಬಬೇಕಾದುದು ತುಂಬಿಲ್ಲ ಎಂಬ ಕೊರತೆಯ ಧ್ವನಿ ಎಲ್ಲದರಲ್ಲಿಯೂ ಇದೆ. ‘ಅರ್ಧ ಹೊಟ್ಟೆ’ ಎಂಬುದಕ್ಕೂ ‘ಅರೆಹೊಟ್ಟೆ’ ಎಂಬುದಕ್ಕೂ ಇರುವ ಅಂತರ ಹಸಿದವರಿಗೆ ಗೊತ್ತು. ಇನ್ನು ಭಾಗವನ್ನೇ ಹೇಳಬೇಕಾದಾಗ ನಮ್ಮ ಹಳ್ಳಿಗರು ‘ಅರೆವಾಸಿ’ ಎನ್ನುತ್ತಾರೆ: ಕೆಲಸ ಅರೆವಾಸಿ ಆಯಿತು, ಬೆಳೆಯಲ್ಲಿ ಅರೆವಾಸಿ ಹೋಯಿತು. ವಾರೋ ಬಯಸಿದ ಭೇದವನ್ನು ಕನ್ನಡ ಯಾವ ವೈಯಾಕರಣನ ಅಪ್ಪಣೆಗೂ ಕಾಯದೆ ತಾನಾಗಿಯೇ ಮಾಡಿಕೊಂಡಿದೆಯೆಂದು ಹೇಳಿದರೆ ತುಸು ಉತ್ಪ್ರೇಕ್ಷೆಯಾದೀತು. ಆದರೆ ತೀರ ಸುಳ್ಳಾಗದು.

ಹೀಗಿರಲಾಗಿ ನಮ್ಮ ಸೂಚನೆ ಇಷ್ಟು. ರೇಖಾಗಣಿತದ ‘ಬೈಸೆಕ್ಟ್’ ಎಂಬುದಕ್ಕೆ ಬಳಕೆಯಲ್ಲಿರುವ ‘ಸಮದ್ವಿಭಾಗಿಸು’ ಎಂಬುದು ಇರಲಿ. ಅದನ್ನು ‘ಡಿಮಿಡಿಯೇಟ್’ ಎಂಬುದಕ್ಕೆ ಎರವಲು ಕೊಡುವುದು ಬೇಡ. ಕಾಲ, ಆಯುಸ್ಸುಗಳ ಸಂದರ್ಭದಲ್ಲಿ ‘ಅರ್ಧ ಮುಟ್ಟು, ಅರ್ಧ ಕಳೆ’ ಎಂದು ಸಂದರ್ಭಾನುಸಾರ ಬಿಡಿಸಿ ಹೇಳುವುದು ಲೇಸು. ಸಸ್ಯವರ್ಣನೆಯಲ್ಲಿ ‘ಅರೆಮೈಯ’ ಎಂದರೆ ಸಾಕು. ಕಾಲ್ವಿನೊನ ವಿಸ್ಕೌಂಟನನ್ನು ಕನ್ನಡಕ್ಕೆ ಕರೆತರುವವರು ‘ಇಬ್ಭಾಗವಾದ’ ಎಂಬ ಪದವನ್ನು ಬಿಡಬೇಕೆಂದು ನಮ್ಮ ಬಿನ್ನಹ. ಆ ಪದ ಎರಡು ಭಾಗಗಳನ್ನೂ ಮೊದಲಿಗೇ ತೋರಿಸಿ, ಎರಡನೆಯ ಅರ್ಧ ಬರುವವರೆಗೆ ಕಥೆ ಕಾಪಾಡಿಕೊಂಡಿರುವ ಗುಟ್ಟನ್ನು ಹೊರಗೆಡಹುತ್ತದೆ. ‘ಅರೆಯಾಳು’ ಎಂಬುದು ನಮಗೆ ಹಿತವಾಗಿ ತೋರುತ್ತದೆ.

ಲಾಂಛನಗಳ ವಿಷಯದಲ್ಲಿ ಒಂದೇ ಪದ ಸಾಲದು. ಕಳೆದುದನ್ನೂ ಕೂಡಿದುದನ್ನೂ ಎರಡು ಮಾತುಗಳಲ್ಲಿಯೇ ಹೇಳಬೇಕಾಗುತ್ತದೆ. ಮಾದರಿಗಾಗಿ ಹೇಸ್ಟಿಂಗ್ಸ್ ಪಟ್ಟಣದ ಲಾಂಛನವನ್ನು ವರ್ಣಿಸಲು ಯತ್ನಿಸಿದ್ದೇವೆ. ಸಿಂಕ್ ಪೋರ್ಟ್ಸಿನ ಒಕ್ಕೂಟಕ್ಕೆ ಸೇರಿದುದಾದರೂ ಅದರ ಲಾಂಛನ ಉಳಿದವುಗಳಂತಲ್ಲ: ‘ಮೇಲೊಂದು, ಕೆಳಗೊಂದು ಸಿಂಹ, ಎರಡೂ ಹಿಂದಿನ ಅರೆಮೈ ಕಳೆದು ಹಡಗಿನ ಹಿಂದಿನ ಒಡಲಿಗೆ ಕೂಡಿದುವು. ನಡುವಣ ಸಿಂಹ ಹೊನ್ನಿನದು, ಇಡಿಯಾದುದು.’